ಶೇಡ್ ಕಾರ್ಡ್ ಮಡಚಿಡಿ, ಮೊದಲು ಕಿಟಕಿ ನೋಡಿ

ಗೌರಿ ಹಬ್ಬ ಇನ್ನೂ ತಿಂಗಳಿದೆ ಅನ್ನುವಾಗಲೇ ಈ ಅಂಕಣಕ್ಕೆ ಬಣ್ಣದ ಪತ್ರಗಳು ಶುರುವಾಗುತ್ತವೆ. ಈ ಸಲ ಬಂದದ್ದರಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಡಿಸೈನರ್ ಅಲ್ಲ. ಮೈಸೂರಿನಲ್ಲಿ 34 ವರ್ಷದಿಂದ ಪೇಂಟಿಂಗ್ ಕಂಟ್ರಾಕ್ಟ್ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ನಮ್ಮಪ್ಪನ ಹಿಂದೆ ಸುಣ್ಣದ ಬಕೆಟ್ ಹಿಡಿದು ತಿರುಗಿದವನು. ಹಾಗಾಗಿ ಉತ್ತರದಲ್ಲಿ ಸುಣ್ಣದ ವಾಸನೆ ಸ್ವಲ್ಪ ಜಾಸ್ತಿಯೇ ಬರುತ್ತೆ, ಸಹಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಹಳೇ ಮನೆ. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ. ಇರೋದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಹೋದ ವರ್ಷ ಅಂಗಡಿಯಲ್ಲಿ ನೋಡಿ ಆಫ್ ವೈಟ್ ಹೊಡೆಸಿದೆವು. ಗೋಡೆ ಕೆಳಗಡೆ ಗುಲಾಬಿ ಥರ, ಮೇಲುಗಡೆ ಬೂದಿ ಥರ ಕಾಣುತ್ತೆ. ರಾತ್ರಿ ಲೈಟ್ ಹಾಕಿದರೆ ಇನ್ನೊಂದೇ ಬಣ್ಣ. ಬಣ್ಣವೇ ಕಲಬೆರಕೆ ಅಂತ ನಮ್ಮ ಯಜಮಾನರ ವಾದ. ಮಗಳು ಈ ಸಲ ಗ್ರೇ ಹೊಡೆಸೋಣ ಅಂತಿದ್ದಾಳೆ. ಏನು ಮಾಡಲಿ?
— ಗೃಹಿಣಿ, ಅರಸೀಕೆರೆ

ಉತ್ತರ: ಅಮ್ಮಾ, ಬಣ್ಣ ಕಲಬೆರಕೆ ಅಲ್ಲ. ನಿಮ್ಮ ನೆಲ ಗೋಡೆ ಹತ್ತಿ ಕೂತಿದೆ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕೆಲಸ ಮಾಡಿ. ಒಂದು ಬಿಳಿ ಬೆಡ್‌ಶೀಟನ್ನು ಗೋಡೆ ಬುಡದಿಂದ ಹಿಡಿದು ನೆಲದ ಮೇಲೆ ಹಾಸಿ. ಯಜಮಾನರನ್ನೂ ಕರೆದು ತೋರಿಸಿ. ಶೀಟ್ ಇರುವಷ್ಟು ಉದ್ದಕ್ಕೆ ಗೋಡೆಯ ಗುಲಾಬಿ ಹೋಗಿಬಿಡುತ್ತೆ. ಪಕ್ಕದಲ್ಲಿ ಹಾಗೇ ಇರುತ್ತೆ. ಕೆಂಪು ನೆಲಕ್ಕೆ ಬಿದ್ದ ಬೆಳಕು ಕೆಂಪಾಗಿ ಮೇಲಕ್ಕೆ ಪುಟಿಯುತ್ತೆ, ಬಿಳಿ ಗೋಡೆ ಅದನ್ನು ಮುಖಕ್ಕೆ ಬಳಿದುಕೊಳ್ಳುತ್ತೆ. ನೆಲವನ್ನು ಎಷ್ಟು ಚೆನ್ನಾಗಿ ತಿಕ್ಕಿ ಹೊಳೆಸಿದ್ದೀರೋ ಅಷ್ಟೂ ಜಾಸ್ತಿ.

ಇನ್ನು ಮೇಲಿನ ಬೂದಿ. ಉತ್ತರದ ಕಿಟಕಿಗೆ ನಮ್ಮ ಕಡೆ ವರ್ಷದ ಬಹುಪಾಲು ನೇರ ಬಿಸಿಲು ಬರೋದಿಲ್ಲ. ಬರೋದು ಆಕಾಶದ ಬೆಳಕು. ಅದರಲ್ಲಿ ನೀಲಿ ಹೆಚ್ಚು. ಈ ಬೆಳಕಿಗೆ ಗ್ರೇ ಹೊಡೆಸಿದರೆ ಮನೆಯೊಳಗೆ ವರ್ಷವಿಡೀ ಆಷಾಢ. ಮಗಳಿಗೆ ಗ್ರೇ ಬೇಕೇ ಬೇಕಂದರೆ ಬಿಸಿಲು ಬೀಳುವ ಬೇರೆ ಕೋಣೆ ಕೊಡಿ.

ನಿಮ್ಮ ಹಾಲ್‌ಗೆ ಆಫ್ ವೈಟೇ ಸರಿ, ಆದರೆ ಬೇರೆ ಆಫ್ ವೈಟ್. ಎಮ್ಮೆ ಬೆಣ್ಣೆ ಬಿಳಿ ಬೇರೆ, ಹಸುವಿನ ಬೆಣ್ಣೆ ಬಿಳಿ ಬೇರೆ, ಅಲ್ವಾ? ನಿಮಗೆ ಬೇಕಿರೋದು ಹಸುವಿನ ಬೆಣ್ಣೆ. ಅಂಗಡಿಯಲ್ಲಿ ಎಲ್ಲ ಆಫ್ ವೈಟ್‌ಗಳೂ ಒಂದೇ ಥರ ಕಾಣುತ್ತವೆ. ಒಳಗೆ ಯಾವ ಬಣ್ಣ ಅಡಗಿದೆ ಅಂತ ಗೊತ್ತಾಗಬೇಕಾದರೆ ಶೇಡ್ ಕಾರ್ಡ್‌ನ ಅದೇ ಪಟ್ಟಿಯ ಕಡು ತುದಿ ನೋಡಿ. ಆ ತುದಿಯಲ್ಲಿ ಗುಲಾಬಿಯೋ ಪೀಚೋ ಇದ್ದರೆ ಬಿಟ್ಟುಬಿಡಿ, ನೆಲದ ಕೆಂಪಿಗೆ ಅದು ಇನ್ನಷ್ಟು ತುಪ್ಪ ಸುರಿಯುತ್ತೆ. ಹಸಿರಿನ ಕಡೆಗೆ ಒಂದು ಚೂರು ವಾಲಿದ ಹಳದಿ ಇದ್ದರೆ ಅದನ್ನು ಹಿಡಿಯಿರಿ. ಕೆಂಪನ್ನು ಸುಮ್ಮನಾಗಿಸೋದು ಹಸಿರು. ಚೂರು ಮಾತ್ರ. ಕೆಂಪು ನೆಲದ ಪಕ್ಕದಲ್ಲಿ ಹಸಿರು ಗೋಡೆ ಹೊಡೆಸಿದರೆ ಎರಡೂ ಕಚ್ಚಾಡುತ್ತವೆ.

ಇದನ್ನೆಲ್ಲ ನಾನು ಓದಿ ಕಲಿತದ್ದಲ್ಲ, ದುಡ್ಡು ಕಳೆದುಕೊಂಡು ಕಲಿತದ್ದು. ಹದಿನೈದು ವರ್ಷದ ಹಿಂದೆ ಕುವೆಂಪುನಗರದ ಒಂದು ಮನೆಗೆ ಪಿಸ್ತಾ ಹಸಿರು ಆಯ್ತು. ಮನೆಯವರೂ ನಾನೂ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನಿಂತು, ಬೆಂಕಿಪೊಟ್ಟಣದಷ್ಟು ಚೂರು ನೋಡಿ ತಲೆಯಾಡಿಸಿದೆವು. ಹೊಡೆದು ಮುಗಿಸಿದ ಸಂಜೆ ಆ ಮನೆಯ ಅಜ್ಜಿ ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ. "ಇದೇನಪ್ಪಾ, ಆಪರೇಷನ್ ಯಾವಾಗ?" ಅಂದರು. ನಾಲ್ಕು ಗೋಡೆಗೂ ಅದೇ ಹಸಿರು, ಒಂದರ ಬೆಳಕು ಇನ್ನೊಂದಕ್ಕೆ ಬಿದ್ದು, ಕಾರ್ಡ್‌ನಲ್ಲಿ ಇದ್ದದ್ದರ ಎರಡರಷ್ಟು ಗಾಢವಾಗಿತ್ತು. ಮತ್ತೆ ಹೊಡೆದುಕೊಟ್ಟೆ, ನನ್ನ ಕೈಯಿಂದ.

ಆಮೇಲಿಂದ ನಾನು ಎರಡಡಿ ಚದರದ ಹಾರ್ಡ್‌ಬೋರ್ಡ್ ಇಟ್ಟುಕೊಂಡಿದ್ದೇನೆ. ನೀವೂ ಒಂದು ತರಿಸಿ. ಅದಕ್ಕೆ ಬಿಳಿ ಪ್ರೈಮರ್ (ಬಣ್ಣಕ್ಕೂ ಮುಂಚೆ ಹೊಡೆಯುವ ತಳದ ಕೋಟ್) ಹೊಡೆದು, ಮೆಚ್ಚಿದ ಬಣ್ಣ ಎರಡು ಕೋಟ್ ಹೊಡೆಯಿರಿ. ಸುತ್ತ ಎರಡು ಇಂಚು ಬಿಳಿ ಬಿಡಿ. ಅದು ಮುಖ್ಯ. ಹಳೇ ಬಣ್ಣದ ಗೋಡೆ ಮೇಲೇ ಸ್ಯಾಂಪಲ್ ಬಳಿದರೆ ಪಕ್ಕದ ಬಣ್ಣ ಕಣ್ಣನ್ನು ಏಮಾರಿಸುತ್ತೆ. ಒಣಗಿದ ಮೇಲೆ ಬೋರ್ಡನ್ನು ಒಂದೊಂದು ಗೋಡೆಗೂ ಒರಗಿಸಿ. ಬೆಳಿಗ್ಗೆ ಕಾಫಿ ಕುಡಿಯುವಾಗ ನೋಡಿ, ಮಧ್ಯಾಹ್ನ ನೋಡಿ, ರಾತ್ರಿ ಲೈಟ್ ಹಾಕಿ ನೋಡಿ. ಎರಡು ದಿನ ಸಾಕು. ಎರಡು ಬಣ್ಣದ ನಡುವೆ ಮನಸ್ಸು ತೂಗುತ್ತಿದ್ದರೆ ತಿಳಿ ಬಣ್ಣವನ್ನೇ ತೆಗೆದುಕೊಳ್ಳಿ.

ರಾತ್ರಿ ಬಣ್ಣ ಬದಲಾಗೋದಕ್ಕೆ ಕಾರಣ ಬಲ್ಬು. ಬಲ್ಬಿನ ಡಬ್ಬಿ ಮೇಲೆ 6500 ಕೆ ಅಂತಿದ್ದರೆ ಅದು ನೀಲಿ ಬಿಳುಪು. 3000 ಕೆ ಅಂತಿದ್ದರೆ ಹಳದಿ ಬಿಳುಪು. ನಿಮ್ಮ ಹಾಲ್‌ನಲ್ಲಿ ಎರಡೂ ಬೆರೆತಿರಬೇಕು ಅಂತ ನನ್ನ ಗುಮಾನಿ. ಮೊದಲು ಬಲ್ಬುಗಳನ್ನು ಒಂದೇ ಥರ ಮಾಡಿ, ಆಮೇಲೆ ಬಣ್ಣಕ್ಕೆ ಬನ್ನಿ. ಮತ್ತೆ ದಯವಿಟ್ಟು ಆ ನೆಲ ಕೀಳಿಸಬೇಡಿ. ಅಂಥ ನೆಲ ಹಾಕುವ ಕೈಗಳು ಈಗ ಸಿಗೋದು ಕಷ್ಟ.

ಪ್ರಶ್ನೆ: ಮಲಗುವ ಕೋಣೆ ಆಗ್ನೇಯಕ್ಕಿದೆ. ವಾಸ್ತು ನೋಡಿದವರು ಕಿತ್ತಳೆ ಬಣ್ಣ ಹೊಡೆಸಿ ಅಂದಿದ್ದಾರೆ. ನಮ್ಮ ಮನೆಯವರಿಗೆ ತಿಳಿ ನೀಲಿ ಇಷ್ಟ. ಯಾರ ಮಾತು ಕೇಳಲಿ?
— ನಿವೃತ್ತ ಶಿಕ್ಷಕರು, ಗದಗ

ಉತ್ತರ: ಮೇಷ್ಟ್ರೇ, ವಾಸ್ತು ನನ್ನ ಸಿಲಬಸ್‌ನಲ್ಲಿಲ್ಲ. ಆದರೆ ಗದಗಿನ ಏಪ್ರಿಲ್ ಬಿಸಿಲು ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ಸೂರ್ಯ ಒಳಗೆ ಬರುವ ಕೋಣೆಗೆ ಕಿತ್ತಳೆ ಹೊಡೆಸಿದರೆ ಒಲೆ ಮುಂದೆ ಮಲಗಿದಂತೆ. ತಿಳಿ ನೀಲಿ ಹೊಡೆಸಿ. ಕಿತ್ತಳೆ ಬಿಡಲು ಮನಸ್ಸಿಗೆ ಅಳುಕು ಇದ್ದರೆ, ಬಾಗಿಲ ಹಿಂದಿನ ಎರಡಡಿ ಗೋಡೆಗೆ ಮಾತ್ರ ಹೊಡೆಸಿ. ಬಾಗಿಲು ತೆರೆದೇ ಇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ನನ್ನ ರೂಮು 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಒಂದು ಗೋಡೆಗೆ ಮಾತ್ರ ಕಡು ಕೆಂಪು ಅಥವಾ ಕಡು ನೀಲಿ ನಾನೇ ಹೊಡೆಯಬೇಕು ಅಂತಿದ್ದೇನೆ. ಓನರ್ ಒಪ್ಪಿದ್ದಾರೆ, ಖಾಲಿ ಮಾಡುವಾಗ ಬಿಳಿ ಮಾಡಿಕೊಡು ಅಂದಿದ್ದಾರೆ. ಎಷ್ಟು ಬಣ್ಣ ಬೇಕು? ಒಂದು ಕೋಟ್ ಸಾಕಾ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ತಮ್ಮಾ, ಒಂದು ಕೋಟ್ ಯಾವ ಬಣ್ಣಕ್ಕೂ ಸಾಕಾಗಲ್ಲ, ಕೆಂಪಿಗಂತೂ ಇಲ್ಲವೇ ಇಲ್ಲ.

ಲೆಕ್ಕ ಸುಲಭ. ನಿನ್ನ ಗೋಡೆ 100 ಚದರಡಿ. ಒಳ್ಳೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ಒಂದು ಲೀಟರ್‌ಗೆ ಎರಡು ಕೋಟ್ ಲೆಕ್ಕದಲ್ಲಿ 120 ಚದರಡಿ ಆಸುಪಾಸು ಬರುತ್ತೆ. ಅಂದರೆ ತಿಳಿ ಬಣ್ಣವಾಗಿದ್ದರೆ ಒಂದು ಲೀಟರ್ ಡಬ್ಬಿಯಲ್ಲಿ ಮುಗಿಯುತ್ತಿತ್ತು. (ಡಬ್ಬಿ ಮೇಲೆ 900 ಎಂಎಲ್ ಅಂತಿದ್ದರೆ ಮೋಸ ಅಂದುಕೊಳ್ಳಬೇಡ. ಮೆಷಿನ್ ಬಣ್ಣ ಬೆರೆಸಲು ಬಿಟ್ಟ ಜಾಗ ಅದು.) ಕಡು ಬಣ್ಣಕ್ಕೆ ಎರಡು ಡಬ್ಬಿ ಇಟ್ಟುಕೋ.

ಯಾಕೆ ಅಂದರೆ, ಗೋಡೆಯನ್ನು ಮುಚ್ಚುವ ಶಕ್ತಿ ಇರೋದು ಬಿಳಿ ಪುಡಿಗೆ. ಟೈಟಾನಿಯಂ ಡೈಆಕ್ಸೈಡ್ ಅಂತ. ತಿಳಿ ಬಣ್ಣದ ಡಬ್ಬಿಯಲ್ಲಿ ಅದು ಧಾರಾಳವಾಗಿರುತ್ತೆ. ಕಡು ಬಣ್ಣ ಬರಬೇಕಾದರೆ ಆ ಬಿಳಿಯನ್ನು ಕಡಿಮೆ ಹಾಕಲೇಬೇಕು, ಇಲ್ಲದಿದ್ದರೆ ಕೆಂಪು ಹೋಗಿ ಗುಲಾಬಿ ಆಗುತ್ತೆ. ಹಾಗಾಗಿ ಕಡು ಕೆಂಪು ಅನ್ನೋದು ಗೋಡೆ ಮೇಲೆ ತೆಳು ಸೀರೆ ಇದ್ದಂತೆ, ಹಿಂದಿನದೆಲ್ಲ ಕಾಣುತ್ತೆ. ಮೂರು ಕೋಟ್, ಕೆಲವೊಮ್ಮೆ ನಾಲ್ಕು. ಉಳಿತಾಯದ ಉಪಾಯ ಒಂದಿದೆ. ಪ್ರೈಮರ್ ಬಿಳಿಯದ್ದು ಬೇಡ, ಬೂದು ಬಣ್ಣ ಬೆರೆಸಿಕೊಡಿ ಅಂತ ಅಂಗಡಿಯಲ್ಲಿ ಕೇಳು. ಒಂದು ಕೋಟ್ ಉಳಿಯುತ್ತೆ.

ನನ್ನನ್ನು ಕೇಳಿದರೆ ನೀಲಿ. ಕೆಂಪಿನಷ್ಟು ಸತಾಯಿಸೋದಿಲ್ಲ. ಮತ್ತೆ ಕಿಟಕಿ ಇರುವ ಗೋಡೆಗೆ ಮಾತ್ರ ಹೊಡೆಯಬೇಡ. ಕಿಟಕಿಯ ಬೆಳಕು ಕಣ್ಣಿಗೆ ರಾಚುತ್ತೆ, ಸುತ್ತ ಗೋಡೆ ಗುಹೆ ಥರ ಕಾಣುತ್ತೆ. ಕಿಟಕಿ ಎದುರಿನ ಗೋಡೆಗೆ ಹೊಡಿ, ಬೆಳಕು ಬಿದ್ದು ಬಣ್ಣ ಬೆಳಗುತ್ತೆ. ಹಾಸಿಗೆ ಆ ಗೋಡೆಗೆ ತಾಗಿದ್ದರೆ ಎಣ್ಣೆ ತಲೆ ಒರಗಿಸಬೇಡ. ಕಡು ಬಣ್ಣದ ಮ್ಯಾಟ್ ಗೋಡೆ ಮೇಲೆ ತಲೆಯ ಗುರುತು ಚಂದ್ರನ ಹಾಗೆ ಮೂಡುತ್ತೆ.

ಖಾಲಿ ಮಾಡುವಾಗ ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಿಳಿ. ನೇರ ಬಿಳಿ ಹೊಡೆದರೆ ನೀಲಿ ಇಣುಕುತ್ತೆ. ಅದಕ್ಕೂ ಮುಂಚೆ ಓನರ್ ಹತ್ತಿರ ಮಾತಾಡು. ಬೆಂಗಳೂರಿನಲ್ಲಿ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯೋದು ಮಾಮೂಲು. ಅವರು ಹಿಡಿಯೋದೇ ಆದರೆ ನೀನ್ಯಾಕೆ ಬಿಳಿ ಮಾಡಬೇಕು? ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೋ.

ಪ್ರಶ್ನೆ: ದೇವರ ಕೋಣೆಯ ಪಶ್ಚಿಮದ ಗೋಡೆಗೆ ಪ್ರತಿ ಮಳೆಗಾಲ ಕಪ್ಪು ಬೂಷ್ಟು. ಮುರಕಲ್ಲಿನ ಹಳೇ ಗೋಡೆ. ಬೂಷ್ಟು ಕಾಣದಂಥ ಬಣ್ಣ ಯಾವುದಾದರೂ ಹೇಳಿ.
— ಓದುಗರು, ಕುಂದಾಪುರ

ಉತ್ತರ: ಬೂಷ್ಟು ಕಾಣದ ಬಣ್ಣ ಒಂದೇ, ಬೂಷ್ಟಿನ ಬಣ್ಣ. ಅದನ್ನು ಹೊಡೆಸಬೇಡಿ ಮಾರಾಯ್ರೆ.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹಿಡಿಯಿರಿ. ಒಂದಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಗಡೆ, ಗೋಡೆ ಬದಿಗೆ ನೀರಹನಿ ಇದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಹೊರಗಡೆ, ಕೋಣೆ ಬದಿಗೆ ಹನಿ ಇದ್ದರೆ ಕೋಣೆಯ ಗಾಳಿಯದ್ದೇ ತೇವ. ಮೊದಲನೆಯದಾದರೆ ಹೊರಗಿನ ಗೋಡೆ, ಮಾಡಿನ ಅಂಚು, ನೀರಿನ ಪೈಪು ನೋಡಿಸಿ. ಎರಡನೆಯದಾದರೆ ಗಾಳಿ ಆಡುವ ದಾರಿ ಮಾಡಿ. ದೇವರ ಕೋಣೆಗೆ ಕಿಟಕಿ ಇಡದ ಮನೆ ಎಷ್ಟೋ.

ಮಳೆ ನಿಂತ ಕೂಡಲೇ ಬಣ್ಣಕ್ಕೆ ಇಳಿಯಬೇಡಿ. ಮುರಕಲ್ಲು ಕುಡಿದ ನೀರನ್ನು ನಿಧಾನವಾಗಿ ಬಿಡುತ್ತೆ. ದೀಪಾವಳಿ ಕಳೆಯಲಿ, ಡಿಸೆಂಬರ್‌ವರೆಗೂ ಕಾದರೆ ಇನ್ನೂ ಒಳ್ಳೆಯದು.

ಆಮೇಲೆ ನನ್ನ ಸಲಹೆ ಸುಣ್ಣ. ನಗಬೇಡಿ. ಎಮಲ್ಷನ್‌ನಂಥ ಪ್ಲಾಸ್ಟಿಕ್ ಥರದ ಬಣ್ಣ ಗೋಡೆಯ ಬಾಯಿ ಕಟ್ಟುತ್ತೆ, ಒಳಗಿನ ತೇವ ಗುಳ್ಳೆಯಾಗಿ ಎದ್ದು ಬಣ್ಣ ಸಿಪ್ಪೆ ಸುಲಿಯುತ್ತೆ. ಸುಣ್ಣ ಉಸಿರಾಡಲು ಬಿಡುತ್ತೆ. ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತೋದಿಲ್ಲ. ನಿಮ್ಮ ಕರಾವಳಿಯಲ್ಲಿ ಹಿಂದೆ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ನಮ್ಮಪ್ಪ ಕಲ್ಲುಸುಣ್ಣ ತರುತ್ತಿದ್ದರು. ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತಿತ್ತು, ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ನೀವೂ ಕಣ್ಣು ಜೋಪಾನ. ಆರಿದ ಮೇಲೆ ಹಳೇ ಪಂಚೆಯಲ್ಲಿ ಸೋಸಿ, ಸ್ವಲ್ಪ ಗೋಂದು, ಒಂದು ಚಿಟಿಕೆ ಬಟ್ಟೆಗೆ ಹಾಕುವ ನೀಲಿ. ಸುಣ್ಣದ ಹಳದಿ ಛಾಯೆಯನ್ನು ಆ ನೀಲಿ ನುಂಗಿಹಾಕುತ್ತೆ. ಮೇಲೆ ಅರಸೀಕೆರೆಯ ಅಮ್ಮನಿಗೆ ಹೇಳಿದ ಹಸಿರಿನ ಚೂರು ಇದೆಯಲ್ಲ, ಅದೂ ಇದೇ ಕೆಲಸ.

ಬಳಿದಾಗ ಗಾಬರಿ ಆಗಬೇಡಿ. ಬರೀ ನೀರು ಬಳಿದ ಹಾಗೆ ಇರುತ್ತೆ, ಗೋಡೆ ಏನೂ ಹಿಡಿದೇ ಇಲ್ಲ ಅನ್ನಿಸುತ್ತೆ. ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹಾಲು. ಅದರ ಮೇಲೆ ಇನ್ನೆರಡು ಸಲ ತೆಳುವಾಗಿ. ಒಂದೇ ಷರತ್ತು, ಹಳೇ ಬಣ್ಣ, ಪುಟ್ಟಿ ಎಲ್ಲ ಗಾರೆಯವರೆಗೂ ಕೆರೆದು ತೆಗೆಯಬೇಕು. ಎಮಲ್ಷನ್ ಮೇಲೆ ಸುಣ್ಣ ನಿಲ್ಲೋದಿಲ್ಲ.

ಪ್ರಶ್ನೆ: ಅಮ್ಮನಿಗೆ 78 ವರ್ಷ. ಕಣ್ಣು ಮಂಜು. ರಾತ್ರಿ ಎದ್ದರೆ ಸ್ವಿಚ್ ಸಿಗೋದಿಲ್ಲ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಕೋಣೆಯಲ್ಲಿ ಗೋಡೆ, ಬಾಗಿಲು, ಸ್ವಿಚ್ ಬೋರ್ಡ್, ಟೈಲ್ಸ್ ಎಲ್ಲವೂ ಕ್ರೀಮ್. ಬಣ್ಣದಿಂದ ಏನಾದರೂ ಅನುಕೂಲ ಮಾಡಬಹುದಾ?
— ಬ್ಯಾಂಕ್ ಉದ್ಯೋಗಿ, ತುಮಕೂರು

ಉತ್ತರ: ಖಂಡಿತ ಮಾಡಬಹುದು. ಈ ಪ್ರಶ್ನೆಗೆ ಕಾಯುತ್ತಿದ್ದೆ.

ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತೆ. ನಮಗೆ ಬೇರೆ ಬೇರೆ ಕಾಣುವ ತಿಳಿ ನೀಲಿ, ತಿಳಿ ಹಸಿರು, ಬೂದು ಅವರಿಗೆ ಒಂದರೊಳಗೊಂದು ಕಲಸಿಹೋಗುತ್ತವೆ. ಅವರಿಗೆ ಬೇಕಿರೋದು ಚೆಂದದ ಬಣ್ಣ ಅಲ್ಲ, ಗಾಢ-ತಿಳಿಯ ವ್ಯತ್ಯಾಸ. ಗೋಡೆ ಕ್ರೀಮ್ ಇರಲಿ, ಅದನ್ನು ಮುಟ್ಟಬೇಡಿ. ಬಾಗಿಲ ಚೌಕಟ್ಟಿಗೆ ಕಾಫಿ ಪುಡಿ ಬಣ್ಣ ಹೊಡೆಸಿ. ಸ್ವಿಚ್ ಬೋರ್ಡ್ ಸುತ್ತ ಒಂದು ಅಂಗೈ ಅಗಲಕ್ಕೆ ಅದೇ ಗಾಢ ಬಣ್ಣದ ಚೌಕ. ಬಚ್ಚಲ ಬಾಗಿಲಿಗೆ ಪೂರ್ತಿ ಬೇರೆ ಬಣ್ಣ, ಕೆಂಪೋ ಕಿತ್ತಳೆಯೋ. ಗೋಡೆ ಬುಡಕ್ಕೆ ನಾಲ್ಕು ಇಂಚಿನ ಗಾಢ ಪಟ್ಟಿ ಬಂದರೆ ನೆಲ ಎಲ್ಲಿ ಮುಗಿಯಿತು ಅಂತ ಗೊತ್ತಾಗುತ್ತೆ. ಎಲ್ಲವೂ ಹೊಳಪಿಲ್ಲದ ಮ್ಯಾಟ್ ಅಥವಾ ಚೂರೇ ಹೊಳಪಿನ ಸ್ಯಾಟಿನ್. ಮಿರಿಮಿರಿ ಮಿಂಚುವ ಗೋಡೆಗೆ ಬೆಳಕು ಬಿದ್ದರೆ ಮಂಜುಗಣ್ಣಿಗೆ ಹಿಂಸೆ.

ನನ್ನ ತಾಯಿಗೂ ಹೀಗೇ ಆಗಿತ್ತು. ನಾನು ಊರಿನ ಗೋಡೆಗಳನ್ನೆಲ್ಲ ನೋಡುತ್ತಿದ್ದೆ, ನಮ್ಮ ಮನೆಯದ್ದನ್ನು ನೋಡಿರಲಿಲ್ಲ. ಒಂದು ದಿನ ಉಪ್ಪು ಕಾಗದ ಹಿಡಿದು ಅವರ ಕೋಣೆಯ ಗೋಡೆ ಉಜ್ಜಲು ಕೂತಾಗ ಕಾಣಿಸಿತು. ಮಂಚದ ತಲೆದಿಂಬಿನಿಂದ ಶುರುವಾಗಿ ಬಚ್ಚಲ ಬಾಗಿಲವರೆಗೂ, ಸೊಂಟದ ಎತ್ತರಕ್ಕೆ, ಬೆರಳು ಸವರಿದ ಒಂದು ಮಾಸಲು ಗೆರೆ. ಒಂದು ಕಡೆ ಗೆರೆ ತುಂಡಾಗಿತ್ತು. ಅಲ್ಲಿ ಬೀರು ಇತ್ತು. ಆ ತುಂಡಾದ ಜಾಗದಲ್ಲೇ ಅವರು ಎರಡು ಸಲ ಮುಗ್ಗರಿಸಿದ್ದು.

ಉಜ್ಜೋದು ಬಿಟ್ಟೆ. ಬೀರು ಎದುರು ಗೋಡೆಗೆ ಎಳೆದೆ. ಗೆರೆ ಇದ್ದ ಜಾಗದಲ್ಲೇ ಆರು ಇಂಚಿನ ಕೆಮ್ಮಣ್ಣು ಬಣ್ಣದ ಪಟ್ಟಿ ಹೊಡೆದೆ, ಒರೆಸಿದರೆ ಕೊಳೆ ಹೋಗುವಂಥ ಸ್ಯಾಟಿನ್‌ನಲ್ಲಿ. ಅಮ್ಮ ಹತ್ತಿರ ಹೋಗಿ ನೋಡಿ, "ಗುಡಿ ಗೋಡೆ ಮಾಡಿಬಿಟ್ಟೆಯಲ್ಲೋ" ಅಂದರು. ಬೈದರೋ ಮೆಚ್ಚಿದರೋ ತಿಳಿಯಲಿಲ್ಲ. ಆದರೆ ಕೈ ಆ ಪಟ್ಟಿ ಮೇಲೇ ಇರುತ್ತಿತ್ತು.

ನಿಮ್ಮ ಅಮ್ಮನ ಕೋಣೆಯಲ್ಲೂ ಅಂಥ ಗೆರೆ ಇರುತ್ತೆ. ಪೇಂಟರ್ ಬರುವ ಮುಂಚೆ ಟಾರ್ಚ್ ಓರೆಯಾಗಿ ಹಿಡಿದು ಹುಡುಕಿ.

ಪ್ರಶ್ನೆ: ಮಗನಿಗೆ 2 ವರ್ಷ. ಅವನ ಕೋಣೆಗೆ ಯಾವ ಬಣ್ಣ? ಅಜ್ಜನ ಕಾಲದ ಕಿಟಕಿಗಳ ಹಸಿರು ಪೇಂಟ್ ಸಿಪ್ಪೆ ಏಳುತ್ತಿದೆ. ನಾವೇ ಉಜ್ಜಿ ಹೊಸದು ಹೊಡೆಯಬಹುದಾ?
— ಹೊಸ ಅಮ್ಮ, ಚಿಕ್ಕಮಗಳೂರು

ಉತ್ತರ: ಗೋಡೆ ಬಣ್ಣ ಆಮೇಲೆ ನೋಡೋಣ ತಾಯಿ, ಮೊದಲು ಕಿಟಕಿ. ಹಳೇ ಎಣ್ಣೆ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪಿನಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ನಮ್ಮ ದೇಶದಲ್ಲಿ ಮನೆ ಬಣ್ಣದ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅಜ್ಜನ ಕಾಲದ ಕಿಟಕಿಗೆ ಆ ನಿಯಮ ಗೊತ್ತಿಲ್ಲ.

ಒಣಗಿದ್ದನ್ನು ಉಪ್ಪು ಕಾಗದದಲ್ಲಿ ಉಜ್ಜಲೇಬೇಡಿ. ಪುಡಿ ಮನೆಯೆಲ್ಲ ಹರಡುತ್ತೆ. ಸುಡೋದೂ ಬೇಡ. ಕೆಲಸದ ದಿನ ಮಗುವನ್ನು ಅಜ್ಜಿ ಮನೆಗೆ ಕಳಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸಿ ಒದ್ದೆ ಮಾಡಿಕೊಂಡು, ಎದ್ದ ಸಿಪ್ಪೆಯನ್ನಷ್ಟೇ ಕೆರೆಯಿಸಿ. ಹಾಳೆಯನ್ನು ಸಿಪ್ಪೆ ಸಮೇತ ಸುತ್ತಿ ತೆಗೆಯಿರಿ. ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ. ಹೊಸ ಡಬ್ಬಿ ಕೊಳ್ಳುವಾಗ ಲೇಬಲ್‌ನಲ್ಲಿ ಸೀಸದ ವಿಷಯ ಏನು ಬರೆದಿದೆ ಅಂತ ಓದಿ.

ಗೋಡೆಗೆ ನಿಮ್ಮಿಷ್ಟದ್ದು. ಮೂರಡಿವರೆಗೆ ಮಾತ್ರ ತೊಳೆಯಬಹುದಾದ ಎಮಲ್ಷನ್ ಇರಲಿ. ಅದು ಅವನ ಸ್ಲೇಟು.

ಪ್ರಶ್ನೆ: ಪ್ಲಂಬರ್ ಗೋಡೆ ಒಡೆದು ಮುಚ್ಚಿದ್ದಾನೆ. ಅಲ್ಲಿಗೆ ಮಾತ್ರ ಬಣ್ಣ ಹಚ್ಚಬೇಕು. ಆರು ವರ್ಷದ ಹಿಂದಿನ ಶೇಡ್ ಯಾವುದು ಅಂತ ಮರೆತುಹೋಗಿದೆ.
— ವ್ಯಾಪಾರಿ, ದಾವಣಗೆರೆ

ಉತ್ತರ: ಕ್ಯಾಲೆಂಡರ್ ಹಿಂದೆಯೋ ಸ್ವಿಚ್ ಬೋರ್ಡ್ ಹಿಂದೆಯೋ ಬಿಸಿಲು ಕಾಣದ ಕಡೆ ಐದು ರೂಪಾಯಿ ನಾಣ್ಯದಷ್ಟು ಚಕ್ಕೆ ಬಿಡಿಸಿ, ಬಣ್ಣ ಬೆರೆಸುವ ಮೆಷಿನ್ ಇರುವ ಅಂಗಡಿಗೆ ಒಯ್ಯಿರಿ. ಹತ್ತಿರದ ಬಣ್ಣ ಮಾಡಿಕೊಡುತ್ತಾರೆ. ಆದರೆ ತೇಪೆಗೆ ಮಾತ್ರ ಹಚ್ಚಿದರೆ ತೇಪೆಯಾಗಿಯೇ ಕಾಣುತ್ತೆ, ಆರು ವರ್ಷದಲ್ಲಿ ಗೋಡೆ ಮಾಸಿರುತ್ತಲ್ಲ. ಈ ಮೂಲೆಯಿಂದ ಆ ಮೂಲೆಯವರೆಗೆ ಪೂರ್ತಿ ಗೋಡೆ ಹೊಡೆಸಿಬಿಡಿ. ಚೂರು ವ್ಯತ್ಯಾಸ ಮೂಲೆಯಲ್ಲಿ ಮುಚ್ಚಿಹೋಗುತ್ತೆ.

ಈ ಸಲ ಶೇಡ್ ನಂಬರ್, ಕಂಪನಿ, ತಾರೀಕು ಮೂರನ್ನೂ ಬೀರುವಿನ ಬಾಗಿಲ ಒಳಗಡೆ ಬರೆದಿಡಿ. ನಮ್ಮ ಮನೆಯಲ್ಲಿ 2003ರಿಂದ ಹೊಡೆದ ಅಷ್ಟೂ ಬಣ್ಣದ ನಂಬರ್ ಮೀಟರ್ ಬೋರ್ಡಿನ ಬಾಗಿಲ ಹಿಂದೆ ನನ್ನ ಕೈಬರಹದಲ್ಲಿದೆ. ಒಂದರ ಮುಂದೆ ಮಾತ್ರ ನನ್ನ ಹೆಂಡತಿಯ ಕೈಬರಹ: "ಮತ್ತೆ ಬೇಡ."